ಗೃಧ್ರಕುಲದ ಕ್ಷಯ

ಈಚೆಗೆ ಒಂದು ಕಾರ್ಯನಿಮಿತ್ತವಾಗಿ ರಾಮನಗರಕ್ಕೆ ಹೋಗಿದ್ದಾಗ ಮಧ್ಯಾಹ್ನ ಸ್ವಲ್ಪ ಬಿಡುವು ದೊರೆತುದರಿಂದ ನಾವು ರಾಮದೇವರ ಬೆಟ್ಟದವರೆಗೆ ಹೋಗಿಬಂದೆವು. ೧೯೭೫ರಲ್ಲಿ ತೆರೆಗೆ ಬಂದ ಪ್ರಸಿದ್ಧ ಹಿಂದೀ ಚಲಚ್ಚಿತ್ರವೊಂದರ ದೆಸೆಯಿಂದ ಆ ಬಂಡೆಗಳನ್ನು ಇಂಡಿಯಾ ದೇಶದವರೆಲ್ಲರೂ ಬಲ್ಲರು. ಬಂಡೆಗಳ ಸಂದಿಯಲ್ಲಿ ತಲೆತಲಾಂತರದಿಂದ ಸಂಸಾರ ಹೂಡಿಕೊಂಡಿರುವ ನಿವಾಸಿಗಳನ್ನು ಬಲ್ಲವರು ನಮ್ಮ ಜಿಲ್ಲೆಯಲ್ಲಿಯೇ ಕಡಿಮೆ. ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿ ಕಡಿದಾದ ಬಂಡೆಯ ಚಾಚುಗಳ ಮೇಲೆ ಗೂಡು ಕಟ್ಟುತ್ತವೆ. ೨೦೧೨ರಲ್ಲಿ ಸರ್ಕಾರದವರು ಸುಮಾರು ೩೪೬ ಹೆಕ್ಟೇರು ಪ್ರದೇಶವನ್ನು ಈ ಪಕ್ಷಿಗಳ ಧಾಮವೆಂದು ಘೋಷಿಸಿದರು. ನಾವು ಎರಡು ಗಂಟೆಗಳ ಹೊತ್ತು ಕತ್ತೆತ್ತಿಕೊಂಡು ನಿಂತುದರ ಫಲವಾಗಿ ನಾಲ್ಕಾರು ಗರುಡಗಳನ್ನೂ, ಬಹು ಎತ್ತರದಲ್ಲಿ ರೆಕ್ಕೆಯಾಡಿಸದೆ ತೇಲುತ್ತಿದ್ದ ಒಂದು ಕರಿಯ ಚುಕ್ಕೆಯನ್ನೂ ಕಂಡೆವು. "ಅದೇ ಸ್ವಾಮಿ, ನೀವು ಹುಡುಕಿಕೊಂಡು ಬಂದದ್ದು" ಎಂದು ಅಲ್ಲಿದ್ದ ಕಾವಲುಗಾರನು ಹೇಳಿದನು. ನಮ್ಮ ಕಣ್ಣು ಅಷ್ಟು ದೂರಕ್ಕೆ ಸಾಗಲಾರದು. ಅವನ ಮಾತನ್ನು ನಂಬಿ ಇಳಿದುಬಂದೆವು.

ಆ ಒಂದು ಚುಕ್ಕೆಯನ್ನು ಕಾಣಲು ಕತ್ತು ನೋಯಿಸಿಕೊಳ್ಳಬೇಕಾದ ಕಾಲ ಬಂದುದೇ ಈ ಲೇಖನಕ್ಕೆ ಕಾರಣ. ನಮ್ಮ ಬಾಲ್ಯವು ಮಾಗಡಿಯ ಕಡೆಯ ಒಂದು ಹಳ್ಳಿಯಲ್ಲಿ ಕಳೆಯಿತು. ಊರಿನ ಪಡುವಣಕ್ಕೆ, ಕೆರೆಯ ಕೋಡಿಯನ್ನು ದಾಟಿದರೆ ಒಂದು ಮಾಳವಿದ್ದಿತು. ಸತ್ತ ದನವನ್ನು ಅಲ್ಲಿಗೆ ಎಳೆದುಹಾಕುವುದು ವಾಡಿಕೆ. ಚರ್ಮ ಸುಲಿಯುವವರು ತಮ್ಮ ಕೆಲಸ ಮುಗಿಸಿ ಹಿಂತಿರುಗುವುದರೊಳಗಾಗಿ ಆಕಾಶದಲ್ಲಿ ಒಂದು ಹಕ್ಕಿ ಸುತ್ತತೊಡಗುವುದು. ಅದನ್ನು ನೋಡಿ ಎರಡನೆಯದು, ಎರಡನೆಯದನ್ನು ನೋಡಿ ಹತ್ತನೆಯದು. ಕಾಲು ಗಂಟೆಯಲ್ಲಿ ಮಾಳದ ತುಂಬ ರೆಕ್ಕೆಗಳ ಬಡಿತ, ಜಗಳ, ಹಿಸ್ಸೆಂಬ ಶಬ್ದ. ಸಂಜೆ ನಾವು ಹುಡುಗರು ಆ ದಾರಿಯಲ್ಲಿ ಬಂದರೆ ಎಲುಬಿನ ಹಂದರವೊಂದು ಮಾತ್ರ ಉಳಿದಿರುವುದು. ದುರ್ವಾಸನೆಯು ಲೇಶವಾದರೂ ಇರುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಎಲುಬು ಆಯುವವರು ಬಂದು ಅದನ್ನೂ ಗೋಣಿಯಲ್ಲಿ ತುಂಬಿಕೊಂಡು ಹೋಗಿ ಗೊಬ್ಬರದ ಕಾರ್ಖಾನೆಯವರಿಗೆ ಮಾರುತ್ತಿದ್ದರು. ಒಂದು ಎತ್ತು ಸತ್ತರೆ ಚರ್ಮವು ಚಪ್ಪಲಿಗೆ, ಮಾಂಸವು ಹದ್ದಿಗೆ, ಮೂಳೆಯು ಹೊಲಕ್ಕೆ. ಪುರಸಭೆಯ ಬಜೆಟ್ಟಿನಲ್ಲಿ ಒಂದು ಕಾಸಿನ ಖರ್ಚೂ ಇಲ್ಲದೆ ನಡೆಯುತ್ತಿದ್ದ ನೈರ್ಮಲ್ಯ ಇಲಾಖೆ ಅದು.

ನಾವು ಹುಡುಗರು ಆ ಹಕ್ಕಿಗಳಿಗೆ ಕಲ್ಲು ಬೀರುತ್ತಿದ್ದೆವೆಂಬುದನ್ನು ಮರೆಮಾಚುವುದಿಲ್ಲ. ಅವುಗಳ ಬೋಳು ಕತ್ತನ್ನು ಕಂಡರೆ ಅಸಹ್ಯ. ಮನೆಯ ಮೇಲೆ ಒಂದು ಬಂದು ಕುಳಿತರಂತೂ ಶಾಂತಿ ಮಾಡಿಸಬೇಕೆಂದು ಹೆಂಗಸರು ಗಾಬರಿಯಾಗುತ್ತಿದ್ದರು. ನಮ್ಮ ತಂದೆಯವರು ಮಾತ್ರ ಒಮ್ಮೆ ಕಲ್ಲನ್ನು ಕೈಯಿಂದ ಕಿತ್ತುಕೊಂಡು, "ಲೇ, ಅದು ಊರಿನ ಊಳಿಗ ಮಾಡೋ ಹಕ್ಕಿ ಕಣೋ" ಎಂದಿದ್ದರು. ಮುಂದೆ ಪಾಠಶಾಲೆಯಲ್ಲಿ ಗುರುಗಳು 'ಗೃಧ್ರ' ಎಂಬ ಶಬ್ದವು ಆಶೆಪಡುವುದು ಎಂಬರ್ಥದ ಧಾತುವಿನಿಂದ ಹುಟ್ಟಿತೆಂದು ಹೇಳಿಕೊಟ್ಟಾಗ ನಮಗೆ ತಂದೆಯವರ ಮಾತು ನೆನಪಾಯಿತು. ಹೆಸರಿಟ್ಟ ಪೂರ್ವಿಕರು ಅದಕ್ಕೆ ಅನ್ಯಾಯ ಮಾಡಿದರೆಂದೇ ನಮ್ಮ ಅಭಿಪ್ರಾಯ. ಜೀವವಿರುವ ಯಾವುದನ್ನೂ ಮುಟ್ಟದೆ, ಇತರರು ಬಿಟ್ಟುದನ್ನು ತಿಂದು ಬದುಕುವ ಪ್ರಾಣಿಗೆ ಆಶೆಬುರುಕನೆಂಬ ಹೆಸರು! ಅದೇ ಪೂರ್ವಿಕರು ಜಟಾಯುವನ್ನೂ ಸಂಪಾತಿಯನ್ನೂ ಕಾವ್ಯದಲ್ಲಿ ಪೂಜ್ಯಸ್ಥಾನದಲ್ಲಿಟ್ಟು ಈ ಅನ್ಯಾಯಕ್ಕೆ ತಕ್ಕಮಟ್ಟಿಗೆ ಪ್ರಾಯಶ್ಚಿತ್ತ ಮಾಡಿಕೊಂಡರೆನ್ನಬಹುದು.

ಈ ಹಕ್ಕಿಗಳು ಹೋದುವು. ಕಾಡು ಕಡಿದುದರಿಂದ ಮೆಲ್ಲಮೆಲ್ಲನೆ ಕಡಿಮೆಯಾದ ಬಗೆಯದಲ್ಲ ಈ ಹೋಗುವಿಕೆ. ಸುಮಾರು ಹದಿನೈದು ವರ್ಷಗಳೊಳಗಾಗಿ, ನಮ್ಮೆಲ್ಲರ ಕಣ್ಣೆದುರಿಗೇ, ನಮ್ಮಲ್ಲಿ ಯಾರೂ ಗಮನಿಸದಂತೆ ನಡೆದುಹೋಯಿತು. ಹಿಂದೆ ಈ ದೇಶದಲ್ಲಿ ರಣಹದ್ದುಗಳು ಕೋಟಿಗಟ್ಟಲೆ ಇದ್ದುವೆಂದು ತಜ್ಞರು ಅಂದಾಜು ಮಾಡುತ್ತಾರೆ. ೧೯೯೨ರಿಂದ ೨೦೦೭ರೊಳಗೆ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ ಒಂದರಂತೆ ಉಳಿದುವು. ಉದ್ದ ಕೊಕ್ಕಿನವೂ ಸಪೂರ ಕೊಕ್ಕಿನವೂ ನೂರಕ್ಕೆ ಮೂರರಂತೆ ಉಳಿದುವು. ಒಂದು ಜನಾಂಗದಲ್ಲಿ ಇಷ್ಟು ಬೇಗ ಇಷ್ಟು ಮಂದಿ ನಾಶವಾದ ನಿದರ್ಶನವು ಪಕ್ಷಿಗಳ ಚರಿತ್ರೆಯಲ್ಲಿ ತೀರ ವಿರಳ.

ಮೊದಲು ಎಚ್ಚತ್ತವರು ನಮ್ಮ ದೇಶದವರೇ ಎಂಬುದನ್ನು ಹೇಳಲು ಸಂತೋಷವಾಗುತ್ತದೆ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಪಕ್ಷಿಧಾಮದಲ್ಲಿ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾಕ್ಟರ್ ವಿಭು ಪ್ರಕಾಶರು ೧೯೮೦ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಗೂಡುಗಳನ್ನು ಎಣಿಸಿದ್ದರು. ಆಗ ಮುನ್ನೂರೈವತ್ತು ಜೋಡಿಗಳಷ್ಟು ಇದ್ದುವು. ೧೯೯೦ರ ದಶಕದ ನಡುವೆ ಮತ್ತೆ ಹೋಗಿ ನೋಡಿದರೆ ಅರ್ಧಕ್ಕೂ ಕಡಿಮೆ. ಮರದ ಕೊಂಬೆಗಳ ಮೇಲೆ ಕತ್ತು ಜೋತುಬಿಟ್ಟುಕೊಂಡು ತೂಕಡಿಸುತ್ತ ಕುಳಿತ ಹಕ್ಕಿಗಳು. ಕೆಳಗೆ ಪೊದೆಗಳಲ್ಲಿ ಹೆಣಗಳು. ಈ ವಿಷಯವನ್ನು ಅವರು ೧೯೯೯ರಲ್ಲಿ ಪ್ರಕಟಿಸಿದರು. ಆಹಾರಕ್ಕೆ ಕೊರತೆಯಿರಲಿಲ್ಲ, ಏಕೆಂದರೆ ದನದ ಹೆಣಗಳು ತಿನ್ನುವವರಿಲ್ಲದೆ ಬಿದ್ದಿದ್ದುವು. ಹಾಗಾದರೆ ಏನು? ಯಾವುದೋ ಸಾಂಕ್ರಾಮಿಕ ರೋಗವಿರಬೇಕೆಂದು ಹಲವರು ಊಹಿಸಿದರು. ಬೆಳೆಗೆ ಹೊಡೆಯುವ ಕೀಟನಾಶಕವಿರಬೇಕೆಂದು ಕೆಲವರು. ವೈರಾಣುವನ್ನು ಹುಡುಕುವುದರಲ್ಲಿಯೇ ವರ್ಷಗಳು ಕಳೆದುವು.

ಉತ್ತರ ದೊರೆತುದು ಗಡಿಯ ಆಚೆ, ಪಾಕೀಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ಪಂಡಿತರೂ ಅವರ ಸಂಗಡಿಗರೂ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರು. ಕರುಳು, ಪಿತ್ತಕೋಶ, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಕಟ್ಟಿದ್ದಿತು. ಮೂತ್ರಪಿಂಡಗಳು ಕೆಟ್ಟು, ಹೊರಗೆ ಹೋಗಬೇಕಾದ ಕಲ್ಮಷವು ಒಳಗೇ ಹರಳುಗಟ್ಟಿತ್ತೆಂದು ಇದರ ಅರ್ಥ. ರೋಗಾಣುಗಳು ದೊರೆಯಲಿಲ್ಲ, ಕೀಟನಾಶಕವು ಆ ಪ್ರಮಾಣದಲ್ಲಿರಲಿಲ್ಲ. ಆಗ ಅವರು ಒಂದು ಸರಳವಾದ ಪ್ರಶ್ನೆಯನ್ನು ಕೇಳಿಕೊಂಡರು: ಈ ಹಕ್ಕಿಗಳು ತಿನ್ನುವುದು ದನವನ್ನು, ದನಕ್ಕೆ ಜನರು ಈಚೆಗೆ ಹೊಸದಾಗಿ ಏನನ್ನು ಕೊಡುತ್ತಿದ್ದಾರೆ? ಮೂತ್ರಪಿಂಡಕ್ಕೆ ಹಾನಿಮಾಡಬಲ್ಲ ಯಾವ ಔಷಧವು ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ? ಹೀಗೆ ವಿಚಾರಿಸುತ್ತ ಹೋದಾಗ ಡೈಕ್ಲೋಫೆನಾಕ್ ಎಂಬ ಹೆಸರು ಬಂದಿತು. ಪುಡಿ ಕಟ್ಟಿ ಸತ್ತ ೨೫ ಹಕ್ಕಿಗಳನ್ನು ಪರೀಕ್ಷಿಸಿದರೆ ೨೫ರಲ್ಲಿಯೂ ಆ ಔಷಧವಿದ್ದಿತು; ಬೇರೆ ಕಾರಣಗಳಿಂದ ಸತ್ತ ೧೩ರಲ್ಲಿ ಒಂದರಲ್ಲಿಯೂ ಇರಲಿಲ್ಲ. ನ್ಯಾಯಾಲಯಗಳಲ್ಲಿ ಇದಕ್ಕಿಂತ ಎಷ್ಟೋ ದುರ್ಬಲವಾದ ಸಾಕ್ಷ್ಯದ ಮೇಲೆ ತೀರ್ಪುಗಳಾಗುತ್ತವೆ. ೨೦೦೪ರಲ್ಲಿ ಈ ಸಂಶೋಧನೆಯು ಪ್ರಕಟವಾಯಿತು.

ಡೈಕ್ಲೋಫೆನಾಕ್ ಎಂದರೆ ನಮ್ಮ ವಾಚಕರಲ್ಲಿ ಮಂಡಿನೋವು, ಬೆನ್ನುನೋವು ಉಳ್ಳವರೆಲ್ಲರಿಗೂ ಪರಿಚಿತವಾದ ಮಾತ್ರೆ. ಮನುಷ್ಯನಿಗೆ ಹಲವು ದಶಕಗಳಿಂದ ಉಪಯೋಗದಲ್ಲಿರುವ ಔಷಧ. ೧೯೯೦ರ ದಶಕದಲ್ಲಿ ಅದು ಬಹಳ ಅಗ್ಗವಾಗಿ ದನಗಳ ಚಿಕಿತ್ಸೆಗೂ ಬಂದಿತು. ಕೆಚ್ಚಲು ಬಾವು, ಕುಂಟು, ಜ್ವರ, ಎಲ್ಲಕ್ಕೂ ಒಂದೇ ಸೂಜಿ. ದನಕ್ಕೆ ಅದು ಹಿತವಾಗಿಯೇ ಇದೆ. ಕೆಲವು ದಿನಗಳಲ್ಲಿ ಅದರ ಮೈಯಿಂದ ಹೊರಟೂ ಹೋಗುತ್ತದೆ. ಆದರೆ ಸೂಜಿ ಹಾಕಿಸಿಕೊಂಡ ಒಂದೆರಡು ದಿನಗಳೊಳಗಾಗಿ ದನವು ಸತ್ತರೆ, ಆ ಮಾಂಸವನ್ನು ತಿಂದ ರಣಹದ್ದು ಕೆಲವೇ ದಿನಗಳಲ್ಲಿ ಸಾಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ವಿಷವು ಆಹಾರದ ಸರಪಳಿಯಲ್ಲಿ ಮೇಲೇರುತ್ತ ಹೋದಂತೆ ಸಾಂದ್ರವಾಗುತ್ತದೆಂಬುದನ್ನು ಶಾಲೆಯ ಮಕ್ಕಳೂ ಈಗ ಓದುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ನುಸಿಗಳ ಕಾಟವನ್ನು ತಪ್ಪಿಸಲು ೧೯೪೯ರಲ್ಲಿ ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನಂತೆ, ಡಿ.ಡಿ.ಟಿ.ಯ ದಾಯಾದಿಯಾದ ಒಂದು ಕೀಟನಾಶಕವನ್ನು ಬೆರೆಸಿದರು. ಮುಂದೆ ೧೯೫೪ರಲ್ಲಿಯೂ ೧೯೫೭ರಲ್ಲಿಯೂ ಇನ್ನಷ್ಟು. ನೀರಿನಲ್ಲಿ ಅದು ಇದೆಯೋ ಇಲ್ಲವೋ ಎಂಬಂತಿದ್ದಿತು. ಕಣ್ಣಿಗೆ ಕಾಣದ ಜಲಜೀವಿಗಳು ಅದನ್ನು ಹೀರಿಕೊಂಡುವು. ಅವುಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಕೊನೆಗೆ ಮೀನನ್ನು ತಿಂದು ಬದುಕುವ, ನಮ್ಮ ಗುಳುಮುಳುಕನ ಜಾತಿಯ ಹಕ್ಕಿಗಳು ನೂರುಗಟ್ಟಲೆ ಸತ್ತುವು. ಅವುಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ ೧೬೦೦ ಪಾಲು ವಿಷವಿದ್ದಿತು. ೧೯೬೨ರಲ್ಲಿ ರೇಚಲ್ ಕಾರ್ಸನ್ ಎಂಬ ವಿದುಷಿಯು ಇದನ್ನು ಲೋಕಕ್ಕೆಲ್ಲ ತಿಳಿಸಿದಳು. ಅಂದಿನಿಂದ ಜನರ ಮನಸ್ಸಿನಲ್ಲಿ ಒಂದು ಭಾವನೆಯು ನೆಲೆಯೂರಿತು: ಮೈಯಲ್ಲಿ ಸೇರಿಕೊಂಡು ಹೊರಗೆ ಹೋಗದ ವಿಷವೇ ಅಪಾಯಕರ, ಬೇಗ ಕರಗಿ ಹೋಗುವುದರಿಂದ ಭಯವಿಲ್ಲ ಎಂದು.

ಹದ್ದುಗಳ ಕಥೆಯು ಈ ಭಾವನೆಯನ್ನು ತಲೆಕೆಳಗು ಮಾಡಿತು. ಡೈಕ್ಲೋಫೆನಾಕ್ ಮೇಲೇರುತ್ತ ಕೂಡಿಕೊಳ್ಳುವ ವಸ್ತುವಲ್ಲ. ದನದಿಂದ ಹಕ್ಕಿಗೆ ಒಂದೇ ಮೆಟ್ಟಿಲು. ಆದರೆ ರಣಹದ್ದುಗಳು ನೂರಾರು ಹರದಾರಿ ಸುತ್ತಿ, ಒಂದು ಹೆಣಕ್ಕೆ ಐವತ್ತು ಅರುವತ್ತಾಗಿ ಮುಗಿಬೀಳುತ್ತವೆ. ಒಂದು ದನದ ಮೈಯಲ್ಲಿ ಔಷಧವಿದ್ದರೆ ಒಂದು ಬಳಗವೇ ಮುಗಿಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಮಾರಕ ಪ್ರಮಾಣದಲ್ಲಿ ಆ ಔಷಧವಿದ್ದರೂ ಈ ನಾಶಕ್ಕೆ ಸಾಕೆಂದು ಲೆಕ್ಕ ಹಾಕಿದವರು ಹೇಳಿದ್ದಾರೆ. ನಿಜವಾಗಿ ಆ ದಿನಗಳಲ್ಲಿ ದೇಶದ ಹಲವು ಕಡೆಗಳಿಂದ ತಂದು ಪರೀಕ್ಷಿಸಿದ ಹೆಣಗಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ಅದರ ಅಂಶವಿದ್ದಿತು. ಇದರ ಮೇಲೆ ಈ ಹಕ್ಕಿಯ ಸಂತಾನಕ್ರಮವನ್ನು ನೋಡಬೇಕು. ವರ್ಷಕ್ಕೆ ಒಂದೇ ಮೊಟ್ಟೆ. ಮರಿಯು ಬೆಳೆದು ತಾನು ಗೂಡು ಕಟ್ಟುವುದಕ್ಕೆ ಐದು ವರ್ಷಗಳ ಹೊತ್ತು. ಬಹುಕಾಲ ಬದುಕುವುದರ ಮೇಲೆಯೇ ಅದರ ವಂಶದ ಭರವಸೆ. ಇಂಥ ಸಂಸಾರದಲ್ಲಿ ವರ್ಷಕ್ಕೆ ನೂರಕ್ಕೆ ನಲವತ್ತರಂತೆ ಹಿರಿಯರು ಸತ್ತರೆ ಏನು ಉಳಿದೀತು?

ಆಹಾರದ ಸರಪಳಿಯೆಂದು ಪಠ್ಯಪುಸ್ತಕಗಳಲ್ಲಿ ಬರೆಯುವ ಚಿತ್ರವನ್ನೂ ನಾವು ಇಲ್ಲಿ ಆಕ್ಷೇಪಿಸಬೇಕಾಗಿದೆ. ಹುಲ್ಲು, ಜಿಂಕೆ, ಹುಲಿ ಎಂದು ಬರೆದು ಹುಲಿಯಲ್ಲಿ ನಿಲ್ಲಿಸುತ್ತಾರೆ. ಹುಲಿ ಸತ್ತ ಮೇಲೆ ಏನಾಯಿತೆಂಬುದು ಚಿತ್ರದಲ್ಲಿಲ್ಲ. ನಾವು ಮುದ್ರಣಾಲಯದಲ್ಲಿ ಬೆಳೆದವರು. ಸೀಸದ ಮೊಳೆಗಳ ಕಾಲವನ್ನು ಕಂಡವರು. ಮೊಳೆ ಜೋಡಿಸುವವನಿಗೆ ಸಂಬಳವೂ ಗೌರವವೂ ಹೆಚ್ಚು. ಆದರೆ ಅಚ್ಚಾದ ಮೇಲೆ ಪುಟವನ್ನು ಬಿಚ್ಚಿ ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಂಚುವ ಹುಡುಗನೊಬ್ಬನು ಒಂದು ದಿನ ಬರದಿದ್ದರೆ ಮರುದಿನದ ಪತ್ರಿಕೆ ಇಲ್ಲ. ಆ ಹುಡುಗನ ಹೆಸರು ಪತ್ರಿಕೆಯಲ್ಲಿ ಎಂದೂ ಅಚ್ಚಾಗುತ್ತಿರಲಿಲ್ಲ. ಪ್ರಕೃತಿಯ ಅಚ್ಚುಕೂಟದಲ್ಲಿ ರಣಹದ್ದುಗಳದು ಈ ಕೆಲಸ.

ಆ ಹುಡುಗನು ಬಾರದೆ ಹೋದಾಗ ಏನಾಯಿತು? ೨೦೧೯ರ ಪಶುಗಣತಿಯ ಪ್ರಕಾರ ದೇಶದಲ್ಲಿ ದನಗಳೇ ೧೯ ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು ೧೧ ಕೋಟಿ. ಇವು ಸಾಯದೆ ಇರುತ್ತವೆಯೆ? ಹದ್ದುಗಳ ಎಡೆಯನ್ನು ನಾಯಿಗಳು ಆಕ್ರಮಿಸಿದುವು. ನಾಯಿಯು ಹದ್ದಿನ ಕೆಲಸಕ್ಕೆ ಬಂದರೂ ಹದ್ದಿನ ಯೋಗ್ಯತೆ ಅದಕ್ಕಿಲ್ಲ. ರಣಹದ್ದಿನ ಜಠರದಲ್ಲಿ ಅತ್ಯಂತ ತೀಕ್ಷ್ಣವಾದ ಆಮ್ಲವಿದೆ. ನೆರಡಿ ರೋಗದ ಕ್ರಿಮಿಗಳು ಕೂಡ ಬಹುಮಟ್ಟಿಗೆ ಅದರಲ್ಲಿ ನಾಶವಾಗುತ್ತವೆ. ರೋಗವು ಅಲ್ಲಿಗೆ ಮುಗಿಯುತ್ತದೆ. ನಾಯಿಯು ಹೆಣವನ್ನು ಅರೆಬರೆ ತಿಂದು, ಉಳಿದುದನ್ನು ಎಳೆದಾಡಿ, ಕೆರೆಯ ಬದಿಯಲ್ಲಿ ಬಿಟ್ಟು ಬರುತ್ತದೆ. ಅಲ್ಲದೆ ನಾಯಿಯು ವರ್ಷಕ್ಕೆ ಒಂದೇ ಮರಿಯನ್ನು ಹಾಕುವ ಪ್ರಾಣಿಯಲ್ಲ. ಅದು ಮನುಷ್ಯನನ್ನು ಕಚ್ಚುತ್ತದೆ, ಹುಚ್ಚನ್ನು ಹರಡುತ್ತದೆ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಚಿರತೆಗಳ ಆಹಾರವನ್ನು ಪರೀಕ್ಷಿಸಿದವರಿಗೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದೇ ಎಂದು ಕಂಡುಬಂದಿತು. ಹೊಲದಂಚಿನಲ್ಲಿ ನಾಯಿಗಳ ಸಂತೆ ನೆರೆದಿದ್ದರೆ ಚಿರತೆಯು ಕಾಡಿನಲ್ಲಿ ಏಕೆ ಉಪವಾಸವಿದ್ದೀತು?

ಮನುಷ್ಯರ ಲೆಕ್ಕವನ್ನು ಈಗ ಹೇಳಬೇಕು. ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹದ್ದುಗಳ ನಾಶದ ಫಲವಾಗಿ ಹೆಚ್ಚಿದ ನಾಯಿಗಳಿಂದ ೧೯೯೨ ಮತ್ತು ೨೦೦೬ರ ನಡುವೆ ಸುಮಾರು ೪೭ ಸಾವಿರ ಮಂದಿ ಹುಚ್ಚುನಾಯಿಯ ರೋಗದಿಂದ ಹೆಚ್ಚಾಗಿ ಸತ್ತಿರಬಹುದೆಂದು ಅಂದಾಜು ಮಾಡಿದ್ದರು. ಇದು ಅತ್ಯಲ್ಪವೆಂದು ಮುಂದೆ ತಿಳಿಯಬಂದಿತು. ೨೦೨೪ರಲ್ಲಿ ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು, ಮೊದಲಿನಿಂದಲೂ ಹದ್ದುಗಳಿಗೆ ಅನುಕೂಲವಾಗಿದ್ದ ಜಿಲ್ಲೆಗಳನ್ನೂ ಅಷ್ಟಾಗಿ ಅನುಕೂಲವಿಲ್ಲದಿದ್ದ ಜಿಲ್ಲೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸಾವಿನ ಲೆಕ್ಕಗಳನ್ನು ಹೋಲಿಸಿ ನೋಡಿದರು. ಔಷಧವು ಬರುವ ಮೊದಲು ಎರಡರಲ್ಲಿಯೂ ಸಾವಿನ ಪ್ರಮಾಣವು ಒಂದೇ ಜಾಡಿನಲ್ಲಿ ಹೋಗುತ್ತಿದ್ದಿತು. ಆಮೇಲೆ ಹದ್ದುಗಳಿದ್ದ ಜಿಲ್ಲೆಗಳಲ್ಲಿ ಅದು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಏರಿತು. ೨೦೦೦ದಿಂದ ೨೦೦೫ರವರೆಗೆ ಸುಮಾರು ಐದು ಲಕ್ಷ ಮಂದಿ ಹೆಚ್ಚಾಗಿ ಸತ್ತರೆಂದು ಅವರ ನಿರ್ಣಯ. ನಾಯಿ ಕಡಿತದ ಔಷಧದ ಮಾರಾಟವು ಏರಿತು. ಹೊಳೆಗಳ ನೀರು ಕೆಟ್ಟಿತು. ಐದು ಲಕ್ಷವೆಂದರೆ ಒಂದು ಸಾಧಾರಣ ಜಿಲ್ಲಾ ಕೇಂದ್ರದ ಜನಸಂಖ್ಯೆ. ಇವರಲ್ಲಿ ಒಬ್ಬರ ಮರಣಪತ್ರದಲ್ಲಾದರೂ 'ಕಾರಣ: ರಣಹದ್ದಿಲ್ಲದುದು' ಎಂದು ಬರೆದಿರಲಾರದು.

ಬೀದಿನಾಯಿಗಳ ಪ್ರಶ್ನೆಯು ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ದೇಶದಲ್ಲೆಲ್ಲ ಕೋಲಾಹಲವಾಯಿತು. ನಾಯಿಗಳ ಮೇಲೆ ದಯೆಯುಳ್ಳವರೂ ನಾಯಿಗಳಿಂದ ನೊಂದವರೂ ನಮ್ಮ ಪತ್ರಿಕೆಗೂ ರಾಶಿರಾಶಿ ಕಾಗದಗಳನ್ನು ಬರೆದರು. ಒಂದರಲ್ಲಿಯೂ ಹದ್ದಿನ ಸೊಲ್ಲಿಲ್ಲ. ನಾಯಿಗಳು ಹೆಚ್ಚುವುದಕ್ಕೆ ಕಸದ ರಾಶಿ ಮೊದಲಾದ ಬೇರೆ ಕಾರಣಗಳೂ ಇವೆಯೆಂಬುದನ್ನು ಒಪ್ಪುತ್ತೇವೆ. ಆದರೂ ಇಷ್ಟು ದೊಡ್ಡ ವಾದದಲ್ಲಿ ಮುಖ್ಯ ಪ್ರತಿವಾದಿಯೊಬ್ಬನನ್ನು ಹೆಸರಿಸದೆಯೇ ಬಿಟ್ಟುದು ವಿಚಿತ್ರವಲ್ಲವೆ?

ಮುಂಬಯಿಯ ಪಾರಸೀ ಮಹಾಶಯರಿಗೆ ಈ ಕಷ್ಟವು ಇನ್ನೊಂದು ಬಗೆಯಲ್ಲಿ ತಟ್ಟಿತು. ಮಲಬಾರ್ ಹಿಲ್ಲಿನ ಅವರ ಮೌನಗೋಪುರಗಳಲ್ಲಿ ಮೃತರ ದೇಹವನ್ನು ಹದ್ದುಗಳಿಗೆ ಒಪ್ಪಿಸುವುದು ಅವರ ಧರ್ಮ. ಹದ್ದುಗಳಿಲ್ಲದೆ, ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಯಂತ್ರಗಳನ್ನು ಇಟ್ಟುಕೊಳ್ಳಬೇಕಾಯಿತು. ಸಾವಿರಾರು ವರ್ಷಗಳ ಆಚಾರವೊಂದು ದನದ ಸೂಜಿಮದ್ದಿನಿಂದ ಮುರಿದುಬೀಳುವುದೆಂದು ಯಾರು ಊಹಿಸಿದ್ದರು!

ಸರ್ಕಾರದವರು ಸುಮ್ಮನಿದ್ದರೆಂದು ಹೇಳುವುದು ಅನ್ಯಾಯವಾದೀತು. ಕಾರಣವು ತಿಳಿದ ಎರಡೇ ವರ್ಷಗಳಲ್ಲಿ, ೨೦೦೬ರಲ್ಲಿ, ದನಗಳಿಗಾಗಿ ಡೈಕ್ಲೋಫೆನಾಕನ್ನು ತಯಾರಿಸಕೂಡದೆಂದು ಆಜ್ಞೆಯಾಯಿತು. ೨೦೦೮ರಲ್ಲಿ ಗೆಜೆಟ್ಟಿನಲ್ಲಿ ಪ್ರಕಟಿಸಿ ಬಿಗಿ ಮಾಡಿದರು. ಅದೇ ೨೦೦೬ರಲ್ಲಿ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧವು ಹದ್ದುಗಳಿಗೆ ನಿರಪಾಯವೆಂದು ಪರೀಕ್ಷೆಯಿಂದ ಸಿದ್ಧವಾಗಿದ್ದಿತು. ಇಷ್ಟು ಚುರುಕು ನಮ್ಮ ದೇಶದಲ್ಲಿ ಅಪೂರ್ವ. ಆದರೆ ನಿಷೇಧದ ಕಾಗದವು ಬೆಟ್ಟದಷ್ಟಿದ್ದರೂ ಅದರಲ್ಲಿ ಇಲಿ ನುಗ್ಗುವಷ್ಟು ಸಂದಿಯೊಂದು ಉಳಿದಿದ್ದಿತು. ಮನುಷ್ಯರಿಗಾಗಿ ತಯಾರಾಗುವ ಡೈಕ್ಲೋಫೆನಾಕಿಗೆ ತಡೆಯಿರಲಿಲ್ಲ. ಅದನ್ನು ೩೦ ಮಿಲಿಲೀಟರಿನ ದೊಡ್ಡ ಸೀಸೆಗಳಲ್ಲಿ ತುಂಬಿ ಮಾರುತ್ತಿದ್ದರು. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾದುದು ೩ ಮಿಲಿಲೀಟರು. ಹತ್ತು ಮನುಷ್ಯರ ಪಾಲು ಯಾರಿಗೆಂಬುದು ಅಂಗಡಿಯವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಪರೀಕ್ಷೆಗೆ ಬರುವ ಅಧಿಕಾರಿಗೂ ಗೊತ್ತು. ಈ ಸಂದಿಯನ್ನು ಮುಚ್ಚಲು ೨೦೧೫ರವರೆಗೆ ಕಾಯಬೇಕಾಯಿತು. ಆಗ ಮೂರು ಮಿಲಿಲೀಟರಿನ ಒಂಟಿ ಸೀಸೆಯೇ ಹೊರತು ದೊಡ್ಡದನ್ನು ಮಾಡಕೂಡದೆಂದಾಯಿತು. ಔಷಧ ತಯಾರಕರು ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋದರು. ೨೦೧೭ರಲ್ಲಿ ನ್ಯಾಯಾಲಯವು ಸರ್ಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ ಹೊಸ ಹೆಸರುಗಳು ಬಂದುವು. ಅಸೆಕ್ಲೋಫೆನಾಕ್ ಎಂಬುದನ್ನು ದನಕ್ಕೆ ಕೊಟ್ಟರೆ ಅದರ ಮೈಯಲ್ಲಿ ಅದು ಡೈಕ್ಲೋಫೆನಾಕಾಗಿಯೇ ಮಾರ್ಪಡುತ್ತದೆ. ವೇಷ ಬದಲಿಸಿದ ಅದೇ ಕಳ್ಳ. ಕೀಟೋಪ್ರೊಫೆನ್ ಎಂಬುದೂ ಹದ್ದಿಗೆ ಮಾರಕ. ಇವೆರಡನ್ನೂ ದನಗಳಿಗೆ ಉಪಯೋಗಿಸಕೂಡದೆಂದು ೨೦೨೩ರಲ್ಲಿ ಆಜ್ಞೆಯಾಯಿತು. ನಿಮೆಸುಲೈಡನ್ನು ೨೦೨೪ರ ಕೊನೆಗೆ ಸೇರಿಸಿದರು. ಮೊದಲನೆಯದಕ್ಕೂ ಎರಡನೆಯ ಕಂತಿಗೂ ನಡುವೆ ಹದಿನೇಳು ವರ್ಷಗಳು. ಒಂದೊಂದು ಔಷಧವೂ ಮಾರುಕಟ್ಟೆಗೆ ಬಂದು, ಹಕ್ಕಿಗಳು ಸತ್ತು, ಪಂಡಿತರು ಪರೀಕ್ಷಿಸಿ, ಬರೆದು, ವಾದಿಸಿದ ಮೇಲೆ ಅದನ್ನು ತಡೆಯುವುದು ನಮ್ಮ ಪದ್ಧತಿಯಾಗಿದೆ. ದನಕ್ಕೆ ಕೊಡುವ ಹೊಸ ನೋವುಮದ್ದನ್ನು ಪರವಾನಗಿ ಕೊಡುವುದಕ್ಕೆ ಮೊದಲೇ ಹದ್ದುಗಳಿಗೆ ನಿರಪಾಯವೆಂದು ತಯಾರಕರೇ ತೋರಿಸಿಕೊಡಬೇಕೆಂಬ ನಿಯಮ ಏಕಾಗಬಾರದು? ಮನುಷ್ಯರ ಔಷಧಕ್ಕೆ ಪರೀಕ್ಷೆಯ ಭಾರವು ತಯಾರಕರದು. ಊರಿನ ಊಳಿಗದವರ ವಿಷಯದಲ್ಲಿ ಮಾತ್ರ ಸತ್ತವರೇ ಸಾಕ್ಷ್ಯ ಕೊಡಬೇಕೆ? ವಿಧಾನಸೌಧದಲ್ಲಿಯೂ ದೆಹಲಿಯಲ್ಲಿಯೂ ಈ ಪತ್ರಿಕೆಯನ್ನು ಓದುವ ಅಧಿಕಾರಿಗಳು ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟರೆ ನಾವು ಸಂತೋಷದಿಂದ ಪ್ರಕಟಿಸುವೆವು. ಪಾಶ್ಚಾತ್ಯರು ಈ ವಿಷಯದಲ್ಲಿ ನಮಗಿಂತ ಜಾಣರೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮಲ್ಲಿ ಇಷ್ಟೆಲ್ಲ ಅನರ್ಥವಾದುದನ್ನು ಕಂಡ ಮೇಲೆಯೂ ಯೂರೋಪಿನಲ್ಲಿ ಹದ್ದುಗಳಿಗೆ ತವರೆನಿಸಿದ ಸ್ಪೇನ್ ದೇಶವು ೨೦೧೩ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡಬಹುದೆಂದು ಅಪ್ಪಣೆಯಿತ್ತಿತು.

ನೆರೆಯ ನೇಪಾಳದವರು ಮಾಡಿದುದನ್ನು ಮೆಚ್ಚಬೇಕು. ಅವರೂ ೨೦೦೬ರಲ್ಲಿಯೇ ನಿಷೇಧಿಸಿದರು. ಅಷ್ಟಕ್ಕೆ ನಿಲ್ಲದೆ ಅಂಗಡಿಗಳಲ್ಲಿದ್ದ ಸೀಸೆಗಳನ್ನು ತೆಗೆಸಿದರು. ಹಳ್ಳಿಯ ಜನರೇ ಸೇರಿ ಮುದಿ ದನಗಳನ್ನು ಸಾಕಿ, ಅವು ತಾವಾಗಿ ಸತ್ತ ಮೇಲೆ ವಿಷವಿಲ್ಲದ ಆ ದೇಹಗಳನ್ನು ಹದ್ದುಗಳಿಗೆ ಇಡುವ ಏರ್ಪಾಡು ಮಾಡಿದರು. ಅದಕ್ಕೆ ಅವರು ಜಟಾಯುವಿನ ಹೆಸರನ್ನೇ ಇಟ್ಟಿದ್ದಾರೆ. ೨೦೧೩ರಿಂದೀಚೆಗೆ ಅಲ್ಲಿ ಬಿಳಿಬೆನ್ನಿನ ಹಕ್ಕಿಗಳ ಸಂಖ್ಯೆಯು ಸ್ವಲ್ಪ ಸ್ವಲ್ಪವಾಗಿ ಏರುತ್ತ ಬಂದುದು ಕಂಡಿತು. ನಮ್ಮಲ್ಲಿಯೂ ಹರಿಯಾಣದ ಪಿಂಜೋರ್ ಮೊದಲಾದ ಕಡೆಗಳಲ್ಲಿ ಸಾಕಿ ಮರಿಮಾಡಿಸುವ ಕೇಂದ್ರಗಳಿವೆ. ನಮ್ಮ ನಾಡಿನಲ್ಲಿ ಬಂಡೀಪುರ, ನಾಗರಹೊಳೆಗಳ ಕಡೆಯ ಕಾಡುಗಳಲ್ಲಿ ಹುಲಿ ಹೊಡೆದ ಕಡವೆ ಜಿಂಕೆಗಳ ಶೇಷವನ್ನು ತಿಂದುಕೊಂಡು ಕೆಲವು ಹಕ್ಕಿಗಳು ಉಳಿದಿವೆ. ಕಡವೆಗೆ ಯಾರೂ ಸೂಜಿ ಹಾಕುವುದಿಲ್ಲವಷ್ಟೆ! ರಾಮನಗರದ ಹಕ್ಕಿಗಳಿಗೆ ಆ ಭಾಗ್ಯವಿಲ್ಲ. ಅವು ಬೆಟ್ಟದ ಮೇಲೆ ಸರ್ಕಾರದ ರಕ್ಷಣೆಯಲ್ಲಿ ಮಲಗುತ್ತವೆ. ಊಟಕ್ಕೆ ನಮ್ಮ ನಿಮ್ಮ ಊರುಗಳಿಗೇ ಬರಬೇಕು. ಮುನ್ನೂರು ಹೆಕ್ಟೇರಿಗೆ ಬೇಲಿ ಹಾಕಿ ಅದರ ಹೊರಗಿನ ಮೂರು ತಾಲ್ಲೂಕುಗಳ ಔಷಧದ ಅಂಗಡಿಗಳನ್ನು ನೋಡದೆ ಬಿಟ್ಟರೆ, ಮಲಗುವ ಮನೆಗೆ ಬೀಗ ಹಾಕಿ ಅಡಿಗೆಯ ಮನೆಯಲ್ಲಿ ವಿಷವಿಟ್ಟಂತಾಯಿತು.

ಇನ್ನೊಂದು ಮಾತನ್ನು ಹೇಳಿಬಿಡಬೇಕು. ಇದನ್ನು ಬರೆಯಲು ಸಂಕೋಚವಾಗುತ್ತದೆ. ನಮ್ಮ ತಂದೆಯವರು ಬದುಕಿದ್ದ ಕಾಲ, ೧೯೯೦ರ ದಶಕದ ಕೊನೆ. ಮನೆಯ ಹಸು ಗೌರಿಗೆ ಕೆಚ್ಚಲು ಬಾತು ಜ್ವರ ಬಂದಿದ್ದಿತು. ನಾವು ಪೇಟೆಯಿಂದ ಊರಿಗೆ ಹೋಗಿದ್ದವರೇ ಒಬ್ಬ ಕಾಂಪೌಂಡರನನ್ನು ಸೈಕಲ್ಲಿನ ಮೇಲೆ ಕರೆತಂದೆವು. ಅವನು ಸೂಜಿ ಹಾಕಿದನು. ಸೀಸೆಯ ಮೇಲಿನ ಹೆಸರನ್ನು ನಾವು ಓದಿದ್ದೆವು, ಅದು ನೆನಪಿದೆ. ಸಂಜೆಗೆ ಹಸು ಎದ್ದು ನಿಂತು ನೀರು ಕುಡಿಯಿತು. ಮರುದಿನ ರಾತ್ರಿ ಸತ್ತಿತು. ಬೆಳಿಗ್ಗೆ ಅದೇ ಮಾಳಕ್ಕೆ ಎಳೆಸಿದೆವು. ಆ ವೇಳೆಗಾಗಲೇ ಹದ್ದುಗಳು ವಿರಳವಾಗಿದ್ದುವು. ಏಳೋ ಎಂಟೋ ಬಂದುವು. "ಇನ್ನೂ ಇವೆಯಲ್ಲ, ಸದ್ಯ" ಎಂದು ತಂದೆಯವರು ಜಗಲಿಯ ಮೇಲಿಂದಲೇ ನೋಡಿ ಸಮಾಧಾನಪಟ್ಟರು. ಮುಂದಿನ ವರ್ಷ ಎತ್ತು ಸತ್ತಾಗ ಒಂದೂ ಬರಲಿಲ್ಲ. ನಾಯಿಗಳು ಬಂದುವು. ವಾಸನೆ ತಡೆಯಲಾರದೆ ಮೂರನೆಯ ದಿನ ಆಳುಗಳನ್ನು ಕರೆಯಿಸಿ ಗುಂಡಿ ತೋಡಿಸಿದೆವು. ಎರಡಕ್ಕೂ ಸಂಬಂಧವುಂಟೆಂದು ನಮಗೆ ಹೊಳೆದುದು ವರ್ಷಗಳು ಕಳೆದು, ಪತ್ರಿಕೆಯ ಮೇಜಿನ ಮೇಲೆ ಆ ಸಂಶೋಧನೆಯ ವರದಿಯು ಬಂದು ಬಿದ್ದಾಗ. ಅಷ್ಟು ಹೊತ್ತಿಗೆ ತಂದೆಯವರು ಇರಲಿಲ್ಲ.

ಬೆಟ್ಟದಿಂದ ಇಳಿದು ಬಂದ ಆ ಸಾಯಂಕಾಲ, ದಾರಿಯಲ್ಲಿ ಸಿಕ್ಕಿದ ಊರೊಂದರಲ್ಲಿ ಔಷಧದ ಅಂಗಡಿಯ ಮುಂದೆ ಬಂಡಿ ನಿಲ್ಲಿಸಿ, ಹಸುವಿಗೆ ನೋವಿನ ಸೂಜಿಮದ್ದು ಬೇಕೆಂದು ಕೇಳಿದೆವು. ಅಂಗಡಿಯ ಹುಡುಗನು ಸಂಕೋಚವಿಲ್ಲದೆ ಮೂರು ಮಿಲಿಲೀಟರಿನ ಸಣ್ಣ ಸೀಸೆಗಳ ಪೆಟ್ಟಿಗೆಯನ್ನು ಮುಂದಿಟ್ಟು, "ಹಸುವಾದರೆ ಐದು ಒಡೆದುಕೊಳ್ಳಿ ಸಾರ್" ಎಂದನು. ಮೆಲಾಕ್ಸಿಕಾಮ್ ಇದೆಯೆ ಎಂದು ಕೇಳಿದೆವು. ಅವನು ಏಣಿ ಹಾಕಿಕೊಂಡು ಮೇಲಿನ ಅಟ್ಟಣಿಗೆಯಿಂದ ಒಂದು ಸೀಸೆಯನ್ನು ತೆಗೆದು, ಅಂಗಿಯ ಅಂಚಿನಿಂದ ಅದರ ಧೂಳನ್ನು ಒರಸಿ ಕೊಟ್ಟನು. "ಇದೂ ಚೆನ್ನಾಗೇ ಕೆಲಸ ಮಾಡುತ್ತೆ. ಯಾರೂ ಕೇಳೋದಿಲ್ಲ ಅಷ್ಟೆ" ಎಂದನು.